ಎಚ್ಚರ ಕಾಯುವ ಜಾಲ: 'ಕೋಮಾ' ಎಂಬ ಒಂದು ಮಾತಿನ ಹಿಂದೆ ಏನಿದೆ?



ನಮ್ಮ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳಲ್ಲಿ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದವರದು, ಪಾರ್ಶ್ವವಾಯು ಹೊಡೆದವರದು ಇದ್ದೇ ಇರುತ್ತವೆ. ಅದರಲ್ಲಿ 'ರೋಗಿ ಕೋಮಾದಲ್ಲಿದ್ದಾರೆ' ಎಂಬ ಸಾಲು ಕಂಡರೆ ಕೆಲವು ದಾನಿಗಳು ಕೇಳುವುದುಂಟು: "ಎಚ್ಚರವೇ ಇಲ್ಲದವರಿಗೆ ಹಣ ಕೊಟ್ಟು ಏನು ಪ್ರಯೋಜನ?" ಪ್ರಶ್ನೆ ಕಟುವಾದರೂ ನ್ಯಾಯವಾದದ್ದೇ. ನಾನು ವೈದ್ಯನಲ್ಲ, ವಾಣಿಜ್ಯ ಓದಿ, ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ಆದರೆ ಒಂದೇ ಶೀರ್ಷಿಕೆಯಡಿ ಮೂರು ಬೇರೆ ಬಾಬ್ತು ಬರೆದರೆ ಲೆಕ್ಕ ತಾಳೆಯಾಗದು ಎಂಬುದು ಗೊತ್ತು. 'ಕೋಮಾ' ಎಂಬ ಮಾತಿನಲ್ಲಿ ನಾವು ಹಾಗೆಯೇ ಹಲವು ಸ್ಥಿತಿಗಳನ್ನು ಸೇರಿಸಿಬಿಡುತ್ತೇವೆ. ಅವುಗಳನ್ನು ಬಿಡಿಸಿ ನೋಡಲು ಮಿದುಳಿನ ಒಂದು ಚಿಕ್ಕ ಭಾಗದ ಪರಿಚಯ ಬೇಕು.

ಮಿದುಳನ್ನು ಬೆನ್ನುಹುರಿಗೆ ಜೋಡಿಸುವ ಕಾಂಡವೊಂದಿದೆ. ಉದ್ದ ಸುಮಾರು ಏಳೆಂಟು ಸೆಂಟಿಮೀಟರ್, ದಪ್ಪ ಹೆಚ್ಚುಕಡಿಮೆ ಹೆಬ್ಬೆರಳಿನಷ್ಟು. ಕೆಳಗಿನಿಂದ ಮೇಲಕ್ಕೆ ಮೆಡುಲ್ಲಾ, ಪಾನ್ಸ್, ನಡುಮಿದುಳು ಎಂದು ಅದಕ್ಕೆ ಮೂರು ಭಾಗ. ಈ ಮೂರರ ಒಳತಿರುಳಿನಲ್ಲಿ ಉದ್ದಕ್ಕೂ ನರಕೋಶಗಳು ಬಲೆಯಂತೆ ಹೆಣೆದುಕೊಂಡಿವೆ. ಇದೇ ರೆಟಿಕ್ಯುಲರ್ ಫಾರ್ಮೇಶನ್. ಲ್ಯಾಟಿನ್ನಿನಲ್ಲಿ ರೆಟಿಕ್ಯುಲಮ್ ಎಂದರೆ ಚಿಕ್ಕ ಬಲೆ. ನಾವು ಜಾಲರಚನೆ ಎನ್ನೋಣ.

ಇದರ ಕೆಳಭಾಗ ಉಸಿರಾಟದ ಲಯ, ಹೃದಯದ ಬಡಿತ, ರಕ್ತದೊತ್ತಡ, ನುಂಗುವುದು, ಕೆಮ್ಮುವುದು ಇವನ್ನೆಲ್ಲ ನಮಗೆ ತಿಳಿಯದಂತೆ ನಡೆಸುತ್ತದೆ. ಇಲ್ಲಿಂದ ಬೆನ್ನುಹುರಿಗೆ ಇಳಿಯುವ ನರತಂತುಗಳು ನಾವು ನಿಂತಾಗ, ನಡೆದಾಗ ಸ್ನಾಯುಗಳ ಬಿಗಿ ಕಾಯುತ್ತವೆ. ನೋವಿನ ಸಂದೇಶದ ತೀವ್ರತೆಯನ್ನು ಏರಿಳಿಸುವ ದಾರಿಯೂ ಇಲ್ಲಿಂದಲೇ ಇಳಿಯುತ್ತದೆ. ಮೇಲ್ಭಾಗದ ಕೆಲಸ ಬೇರೆ. ಅದು ಥಾಲಮಸ್ ಮೂಲಕವೂ ಇತರ ದಾರಿಗಳಿಂದಲೂ ಮಿದುಳಿನ ಹೊರಪದರವಾದ ಕಾರ್ಟೆಕ್ಸನ್ನು ಎಚ್ಚರವಾಗಿಡುತ್ತದೆ. ಯೋಚನೆ, ಮಾತು, ನೆನಪು, ಗುರುತು ಹಿಡಿಯುವುದು ಕಾರ್ಟೆಕ್ಸಿನ ವ್ಯವಹಾರ. ಅದಕ್ಕೆ ಬೆಳಕು ಹಾಕುವ ಸ್ವಿಚ್ಚು ಮಾತ್ರ ಕೆಳಗಿದೆ.

ಈ ಜಾಲ ಆಫೀಸಿನ ಇನ್‌ವರ್ಡ್ ಗುಮಾಸ್ತನ ಕೆಲಸವನ್ನೂ ಮಾಡುತ್ತದೆ. ಬಂದ ಟಪಾಲನ್ನೆಲ್ಲ ಮ್ಯಾನೇಜರ್ ಮೇಜಿಗೆ ಕಳಿಸುವುದಿಲ್ಲ. ನಮ್ಮ ಮುಲುಂಡ್‌ನಲ್ಲಿ ರೈಲು ಹಳಿಯ ಪಕ್ಕ ಮನೆಯಿದ್ದವರು ರಾತ್ರಿಯಿಡೀ ಲೋಕಲ್ ಹೋದರೂ ನೆಮ್ಮದಿಯಾಗಿ ನಿದ್ರಿಸುತ್ತಾರೆ. ಪಕ್ಕದಲ್ಲಿ ಮಗು ಒಮ್ಮೆ ಅತ್ತರೆ ತಟ್ಟನೆ ಏಳುತ್ತಾರೆ. ಹಳೆಯ ಸದ್ದನ್ನು ತಡೆದು ಮುಖ್ಯವಾದದ್ದನ್ನು ಮೇಲಕ್ಕೆ ಕಳಿಸುವುದರಲ್ಲಿ ಈ ಜಾಲದ ಪಾಲು ದೊಡ್ಡದು.

ಇದು ತಿಳಿದುಬಂದದ್ದು ಹೇಗೆ? 1930ರ ದಶಕದಲ್ಲಿ ಬೆಲ್ಜಿಯಂನ ಫ್ರೆಡೆರಿಕ್ ಬ್ರೆಮರ್ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿದರು. ಕಾಂಡವನ್ನು ನಡುಮಿದುಳಿನ ಮಟ್ಟದಲ್ಲಿ ಕತ್ತರಿಸಿದಾಗ ಮಿದುಳಿನ ಅಲೆಗಳು ನಿದ್ರೆಯಲ್ಲೇ ಉಳಿದವು. ಕಾಂಡದ ಬುಡದಲ್ಲಿ ಕತ್ತರಿಸಿದಾಗ ನಿದ್ರೆ, ಎಚ್ಚರ ಎರಡೂ ಮುಂದುವರಿದವು. 1949ರಲ್ಲಿ ಮೊರುಟ್ಸಿ ಮತ್ತು ಮೆಗೂನ್ ಈ ಜಾಲಕ್ಕೆ ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟರು. ಮಿದುಳಿನ ನಿದ್ರೆಯ ಅಲೆಗಳು ಎಚ್ಚರದ ಅಲೆಗಳಾದವು. ಎಚ್ಚರವೆಂಬುದು ತಾನಾಗಿ ಇರುವುದಲ್ಲ, ಯಾರೋ ಕಾಯ್ದುಕೊಂಡು ಇರುವುದು ಎಂದು ಗೊತ್ತಾಯಿತು.

ಈಗ ನಮ್ಮ ಅರ್ಜಿಗಳಿಗೆ ಬರೋಣ.

ಮೊದಲನೆಯದು ನಿಜವಾದ ಕೋಮಾ. ಜಾಲದ ಮೇಲ್ಭಾಗಕ್ಕೆ ಪೆಟ್ಟಾಗಿರಬಹುದು. ಅಥವಾ ಕಾರ್ಟೆಕ್ಸಿನ ಎರಡೂ ಬದಿ ವ್ಯಾಪಕವಾಗಿ ಕೆಟ್ಟಿರಬಹುದು. ಕಣ್ಣು ಮುಚ್ಚಿರುತ್ತದೆ, ಎಬ್ಬಿಸಿದರೂ ಏಳರು. ಆದರೆ ಇದು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಮೀರುವುದಿಲ್ಲ. ಅಷ್ಟರಲ್ಲಿ ರೋಗಿ ಚೇತರಿಸಿಕೊಳ್ಳತೊಡಗಬಹುದು, ಬೇರೆ ಸ್ಥಿತಿಗೆ ಹೋಗಬಹುದು, ತೀರಿಕೊಳ್ಳಲೂಬಹುದು. ತಲೆಬುರುಡೆಯೊಳಗೆ ರಕ್ತ ಹೆಪ್ಪುಗಟ್ಟಿ ಒತ್ತಡ ಏರಿದರೆ ಮಿದುಳು ಕೆಳಕ್ಕೆ ಜರುಗಿ ಕಾಂಡವನ್ನೇ ಅದುಮುತ್ತದೆ. ಆದ್ದರಿಂದ ಸ್ಕ್ಯಾನ್‌ಗೆ, ಶಸ್ತ್ರಚಿಕಿತ್ಸೆಗೆ ಮೊದಲ ಗಂಟೆಗಳಲ್ಲಿ ಸಿಗುವ ಹಣಕ್ಕೆ ಬೆಲೆ ಹೆಚ್ಚು.

ಎರಡನೆಯದಕ್ಕೆ ಉದಾಹರಣೆ ಈ ಮುಂಬಯಿಯಲ್ಲೇ ಇದೆ. ಉತ್ತರ ಕನ್ನಡದ ಹಳದೀಪುರದಿಂದ ಬಂದು ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ್ ಅವರ ಮೇಲೆ 1973ರ ನವೆಂಬರ್ 27ರಂದು ಘೋರ ಹಲ್ಲೆ ನಡೆಯಿತು. ಕುತ್ತಿಗೆಗೆ ಸರಪಳಿ ಬಿಗಿದದ್ದರಿಂದ ಮಿದುಳಿಗೆ ಆಮ್ಲಜನಕ ನಿಂತಿತು. ಅರಿವಿನ ಕಾರ್ಟೆಕ್ಸ್ ಕೆಟ್ಟಿತು; ಕಾಂಡಕ್ಕೂ ಪೆಟ್ಟು ಬಿದ್ದಿತ್ತು, ಆದರೂ ಉಸಿರಾಟ ಮತ್ತು ನಿದ್ರೆ-ಎಚ್ಚರ ನಡೆಸುವ ವ್ಯವಸ್ಥೆ ಉಳಿದುಕೊಂಡಿತು. ಯಂತ್ರವಿಲ್ಲದೆ ಉಸಿರಾಡುತ್ತಿದ್ದರು, ಕಣ್ಣು ತೆರೆಯುತ್ತಿದ್ದರು, ನಿದ್ರಿಸುತ್ತಿದ್ದರು. ಎಚ್ಚರವಿತ್ತು, ಅರಿವಿರಲಿಲ್ಲ. ಇದಕ್ಕೆ ವೆಜಿಟೇಟಿವ್ ಸ್ಥಿತಿ ಎಂಬ ಹೆಸರನ್ನು ಜೆನೆಟ್ ಮತ್ತು ಪ್ಲಮ್ ಎಂಬ ವೈದ್ಯರು ಕೊಟ್ಟದ್ದು ಅದರ ಹಿಂದಿನ ವರ್ಷವಷ್ಟೇ, 1972ರಲ್ಲಿ.

2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್, ಅವರ ಆಹಾರ ನಿಲ್ಲಿಸಬೇಕೆಂಬ ಅರ್ಜಿಯನ್ನು ತಳ್ಳಿಹಾಕಿತು. ಅವರ ಮಿದುಳು ಸತ್ತಿಲ್ಲ ಎಂದು ಸ್ಪಷ್ಟಪಡಿಸಿತು. ಕೆಇಎಂ ದಾದಿಯರ ಸೇವೆಯನ್ನು ಕೊಂಡಾಡಿತು. ಅಷ್ಟು ವರ್ಷ ಹಾಸಿಗೆ ಹಿಡಿದವರ ಮೈಯಲ್ಲಿ ಹಾಸಿಗೆ ಹುಣ್ಣು ಇರಲಿಲ್ಲ. 2015ರ ಮೇ 18ರಂದು ನ್ಯುಮೋನಿಯಾದಿಂದ ಅವರು ತೀರಿಕೊಂಡರು. ಇಂಥ ರೋಗಿಗೆ ಬೇಕಾದದ್ದು ದುಬಾರಿ ಯಂತ್ರವಲ್ಲ. ಮಗ್ಗುಲು ಬದಲಿಸುವ ಕೈ, ಗಾಳಿ ಹಾಸಿಗೆ, ನಳಿಕೆಯ ಆಹಾರ, ಸ್ವಚ್ಛತೆ. ಅಲ್ಲಿ ಆಸ್ಪತ್ರೆಯೇ ಮಾಡಿದ್ದನ್ನು ಒಂದು ಬಾಡಿಗೆ ಮನೆಯಲ್ಲಿ ಒಬ್ಬಳು ಹೆಂಡತಿ ಅಥವಾ ತಾಯಿ ಒಂಟಿಯಾಗಿ ಮಾಡುತ್ತಿರುತ್ತಾಳೆ.

ಮೂರನೆಯದು ಮಿದುಳ ಕಾಂಡದ ಮರಣ. ಇಲ್ಲಿ ಇಡೀ ಕಾಂಡವೇ ಶಾಶ್ವತವಾಗಿ ನಿಂತಿರುತ್ತದೆ. ವೆಂಟಿಲೇಟರ್ ಇರುವಷ್ಟು ಹೊತ್ತು ಎದೆ ಏರಿಳಿಯುತ್ತದೆ, ಹೃದಯ ಬಡಿಯುತ್ತದೆ, ಸ್ವಂತ ಉಸಿರಿಲ್ಲ. 1994ರ ಅಂಗಾಂಗ ಕಸಿ ಕಾಯಿದೆ ಇದನ್ನು ಮರಣವೆಂದೇ ಗುರುತಿಸುತ್ತದೆ. ನಾಲ್ವರು ವೈದ್ಯರ ಮಂಡಳಿ, ಕನಿಷ್ಠ ಆರು ಗಂಟೆಯ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಬೇಕು. 2021ರ ಜೂನ್‌ನಲ್ಲಿ ಬೆಂಗಳೂರಿನ ಬೈಕ್ ಅಪಘಾತದ ನಂತರ ನಟ ಸಂಚಾರಿ ವಿಜಯ್ ಅವರ ಕುಟುಂಬ ಈ ಹಂತದಲ್ಲೇ ಅಂಗಾಂಗ ದಾನಕ್ಕೆ ಒಪ್ಪಿತು. ದಾನಕ್ಕೆ ಒಪ್ಪಿದ ಮೇಲೆ ದೇಹವನ್ನು ಕಾಪಾಡುವ, ಅಂಗ ತೆಗೆಯುವ ಖರ್ಚು ಕುಟುಂಬದ ಮೇಲೆ ಬೀಳಬಾರದೆಂದು 2014ರ ನಿಯಮಗಳು ಹೇಳುತ್ತವೆ.

ಇವುಗಳ ಜೊತೆ ಅಪರೂಪದ್ದೊಂದಿದೆ. ಜಾಲ ಸರಿಯಾಗಿದ್ದು, ಪಾನ್ಸಿನ ಮುಂಭಾಗದ ಚಲನೆಯ ನರಗಳು ಮಾತ್ರ ಕೆಟ್ಟರೆ ರೋಗಿಗೆ ಪೂರ್ತಿ ಎಚ್ಚರ, ಪೂರ್ತಿ ಅರಿವು ಇರುತ್ತದೆ; ಆದರೆ ಕಣ್ಣನ್ನು ಮೇಲೆ ಕೆಳಗೆ ಆಡಿಸುವುದು, ರೆಪ್ಪೆ ಬಡಿಯುವುದು ಮಾತ್ರ ಸಾಧ್ಯ. ನೋಡುವವರಿಗೆ ಇದು ಕೋಮಾದಂತೆಯೇ ಕಾಣಬಹುದು. ಆದ್ದರಿಂದ ರೋಗಿಯ ಹಾಸಿಗೆಯ ಬಳಿ ಖರ್ಚಿನ ಮಾತು, ಹತಾಶೆಯ ಮಾತು ಬೇಡ.

ಅರ್ಜಿ ತರುವ ಕುಟುಂಬಗಳಲ್ಲಿ ನನ್ನ ವಿನಂತಿ ಇಷ್ಟೇ. ವೈದ್ಯರನ್ನು ಮೂರು ಪ್ರಶ್ನೆ ಕೇಳಿ: ಇವುಗಳಲ್ಲಿ ಯಾವ ಸ್ಥಿತಿ? ಸ್ವಂತ ಉಸಿರಿದೆಯೇ? ಗ್ಲಾಸ್ಗೋ ಅಂಕ ಎಷ್ಟು? ಈ ಅಂಕ 1974ರಿಂದ ಬಳಕೆಯಲ್ಲಿದೆ. ಕಣ್ಣಿಗೆ 4, ಮಾತಿಗೆ 5, ಚಲನೆಗೆ 6, ಒಟ್ಟು 15, ಕನಿಷ್ಠ 3. ತಲೆಯ ಪೆಟ್ಟಿನಲ್ಲಿ 8 ಅಥವಾ ಕಡಿಮೆಯಾದರೆ ಗಂಭೀರ. ಒಂದು ದಿನದ ಅಂಕಕ್ಕಿಂತ ಅದು ಏರುತ್ತಿದೆಯೇ ಇಳಿಯುತ್ತಿದೆಯೇ ಎಂಬುದು ಹೆಚ್ಚು ಹೇಳುತ್ತದೆ.

ದಾನಿಗಳ ಪ್ರಶ್ನೆಗೆ ನನ್ನ ಉತ್ತರವೂ ಇದೇ. ಕೋಮಾದ ಮೊದಲ ದಿನಗಳಲ್ಲಿ ನಿಮ್ಮ ಹಣ ಜೀವ ಉಳಿಸಬಹುದು. ವರ್ಷಗಟ್ಟಲೆ ಮಲಗಿದವರ ಮನೆಯಲ್ಲಿ ಅದು ಮನುಷ್ಯನ ಘನತೆಯನ್ನೂ ಆರೈಕೆ ಮಾಡುವವರ ಬೆನ್ನನ್ನೂ ಉಳಿಸುತ್ತದೆ. ಕಾಂಡವೇ ನಿಂತಿದ್ದರೆ, ಐಸಿಯು ಬಿಲ್ಲಿಗೆ ಒಡವೆ ಅಡವಿಡುವ ಮೊದಲು ಕುಟುಂಬಕ್ಕೆ ಸತ್ಯ ತಿಳಿಸಿ ಜೊತೆಗೆ ನಿಲ್ಲುವುದೇ ನಾವು ಕೊಡಬಹುದಾದ ನೆರವು. ಈ ಸಾಲಿನ ನಿಧಿಗೆ ತಮ್ಮ ಕೈಲಾದಷ್ಟು ನೀಡಬೇಕೆಂದು ಕೋರುತ್ತೇನೆ. ಚೆಕ್ಕನ್ನು ಸಂಘದ ಕಚೇರಿಗೆ ತಲುಪಿಸಿ, ರಸೀದಿ ಕೇಳಿ ಪಡೆಯಿರಿ. ಗಾಳಿ ಹಾಸಿಗೆ, ಗಾಲಿಕುರ್ಚಿ ಮನೆಯಲ್ಲಿ ಸುಮ್ಮನೆ ಇದ್ದರೆ ಅದನ್ನೂ ಕೊಡಿ. ಅದಕ್ಕಾಗಿ ಕಾಯುತ್ತಿರುವ ಮನೆಗಳಿವೆ.