ಹೊಸ ಮೊಬೈಲ್‌, ಹಳೆಯ ಡಾಕ್‌: ತಂತಿಯಿಲ್ಲದೆ ಬೆಸೆಯುವ ಬಗೆ

ಚಳ್ಳಕೆರೆ: ಬೆಂಗಳೂರಿನಲ್ಲೋ ಹೊರದೇಶದಲ್ಲೋ ದುಡಿಯುವ ಮಕ್ಕಳು ಊರಿಗೆ ಬರುವಾಗ ಹೊತ್ತು ತಂದ ವಸ್ತುಗಳ ಪೈಕಿ ಐಪಾಡ್ ಡಾಕ್ ಸಹ ಒಂದು. ಮೇಲೆ ಐಪಾಡ್ ಕೂರಿಸಲು ಪುಟ್ಟ ಪೀಠ, ಒಳಗೆ ಗಟ್ಟಿಮುಟ್ಟಾದ ಎರಡು ಸ್ಪೀಕರ್. ಐಪಾಡ್ ಕೆಟ್ಟು ಮೂಲೆ ಸೇರಿತು, ಮೊಬೈಲ್‌ಗಳು ಬದಲಾದವು, ಡಾಕ್ ಮಾತ್ರ ಬಟ್ಟೆ ಹೊದ್ದು ಕಪಾಟಿನ ಮೇಲೆ ಉಳಿಯಿತು. ಚಳ್ಳಕೆರೆಯಾಗಲಿ ಮೊಳಕಾಲ್ಮುರಾಗಲಿ, ಅಂಥ ಡಾಕ್ ಉಳಿದಿರುವ ಮನೆಯವರು ಅದನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಯೋಚಿಸುವುದು ಒಳಿತು. ಏಕೆಂದರೆ ಹಳತಾಗಿರುವುದು ಅದರ ಬಾಯಿಯೇ ಹೊರತು ಕಂಠವಲ್ಲ.

ಆಪಲ್ ಸಂಸ್ಥೆಯು 30 ಪಿನ್‌ಗಳ ಅಗಲ ಕನೆಕ್ಟರನ್ನು ಐಪಾಡ್‌ಗೆ ಅಳವಡಿಸಿದ್ದು 2003ರಲ್ಲಿ. 2012ರಲ್ಲಿ ಅದರ ಜಾಗಕ್ಕೆ ಲೈಟ್ನಿಂಗ್ ಬಂತು, 2023ರಲ್ಲಿ ಲೈಟ್ನಿಂಗ್ ಜಾಗಕ್ಕೆ ಯುಎಸ್‌ಬಿ-ಸಿ ಬಂತು. ಇಪ್ಪತ್ತೇ ವರ್ಷಗಳಲ್ಲಿ ಮೂರು ಬಾಯಿ! ಆಂಡ್ರಾಯ್ಡ್ ಮೊಬೈಲ್‌ಗಳಂತೂ ಈ ಪೀಠದ ಮೇಲೆ ಎಂದೂ ಕೂತವಲ್ಲ. ಒಂದರ ಮೇಲೊಂದು ಅಡಾಪ್ಟರ್ ಪೇರಿಸಿ ಹೊಸ ಫೋನನ್ನು ಹಳೆಯ ಪೀಠಕ್ಕೆ ಏರಿಸುವ ಸಾಹಸಕ್ಕಿಂತ, ನಡುವಿನ ತಂತಿಯನ್ನೇ ಕೈಬಿಡುವುದು ಸುಲಭದ ದಾರಿ.

ಅದಕ್ಕೆ ಬೇಕಾದುದು ಬ್ಲೂಟೂತ್ ರಿಸೀವರ್ ಎಂಬ ಬೆಂಕಿಪೊಟ್ಟಣದಷ್ಟು ಗಾತ್ರದ ಸಾಧನ. ಮೊಬೈಲ್ ಹಾಡನ್ನು ಅಂಕಿಗಳ ರೂಪದಲ್ಲಿ ಕುಗ್ಗಿಸಿ 2.4 ಗಿಗಾಹರ್ಟ್ಸ್ ತರಂಗದಲ್ಲಿ ಕಳುಹಿಸುತ್ತದೆ. ರಿಸೀವರ್ ಅದನ್ನು ಹಿಡಿದು, ಬಿಡಿಸಿ, ಸ್ಪೀಕರ್‌ಗೆ ಅರ್ಥವಾಗುವ ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತದೆ. ಹಾಡು ಗಾಳಿಯಲ್ಲಿ ಬಂತೆಂಬುದು ಡಾಕ್‌ಗೆ ತಿಳಿಯುವುದೇ ಇಲ್ಲ. ಭಾರತದಲ್ಲಿ ಈ ತರಂಗಗುಚ್ಛದ ಬಳಕೆಗೆ 2005ರಲ್ಲೇ ಪರವಾನಗಿಯಿಂದ ವಿನಾಯಿತಿ ದೊರೆತಿರುವುದರಿಂದ ಯಾರ ಅಪ್ಪಣೆಯೂ ಬೇಕಿಲ್ಲ.

ರಿಸೀವರ್ ಕೊಳ್ಳುವ ಮೊದಲು ಡಾಕ್‌ನ ಹಿಂಬದಿಯನ್ನು ನೋಡಬೇಕು. ಅಲ್ಲಿ ಆಕ್ಸ್ ಅಥವಾ ಲೈನ್ ಇನ್ ಎಂದು ಬರೆದ 3.5 ಮಿಲಿಮೀಟರಿನ ದುಂಡು ರಂಧ್ರವಿದ್ದರೆ ಅರ್ಧ ಕೆಲಸ ಮುಗಿದಂತೆಯೇ. ಎರಡೂ ತುದಿಗೆ ಒಂದೇ ಬಗೆಯ ಪಿನ್ ಇರುವ ಸಾಧಾರಣ ಕೇಬಲ್‌ನಿಂದ ರಿಸೀವರನ್ನು ಅಲ್ಲಿಗೆ ಜೋಡಿಸಿ, ಹಳೆಯದೊಂದು ಮೊಬೈಲ್ ಚಾರ್ಜರ್‌ನಿಂದ ಅದಕ್ಕೆ ವಿದ್ಯುತ್ ಕೊಟ್ಟರಾಯಿತು. ಮೊಬೈಲ್‌ನ ಬ್ಲೂಟೂತ್ ಪಟ್ಟಿಯಲ್ಲಿ ಕಾಣುವ ಹೆಸರನ್ನು ಒಮ್ಮೆ ಒತ್ತಿದರೆ ಜೋಡಿಯಾಗುತ್ತದೆ. ಮರುದಿನದಿಂದ ತಾನಾಗಿಯೇ ಕೂಡಿಕೊಳ್ಳುತ್ತದೆ.

ಹಣ ವ್ಯರ್ಥವಾಗುವುದು ಹೆಚ್ಚಾಗಿ ಅಂಗಡಿಯ ಕಟ್ಟೆಯ ಮೇಲೆಯೇ. ಟಿವಿಯ ಸದ್ದನ್ನು ಹೆಡ್‌ಫೋನ್‌ಗೆ ಕಳುಹಿಸುವ ಟ್ರಾನ್ಸ್‌ಮಿಟರ್ ಕೂಡ ನೋಡಲು ಹೀಗೆಯೇ ಇರುತ್ತದೆ. ಕಂಪ್ಯೂಟರ್‌ಗೆ ಸಿಕ್ಕಿಸುವ ಬ್ಲೂಟೂತ್ ಡಾಂಗಲ್ ಮತ್ತೊಂದು. ಇವೆರಡೂ ಈ ಕೆಲಸಕ್ಕೆ ಒದಗವು. ಪೊಟ್ಟಣದ ಮೇಲೆ ರಿಸೀವರ್ ಎಂದೇ ಇರಬೇಕು, ಅಥವಾ ಎರಡೂ ಕೆಲಸ ಮಾಡುವ ಸಾಧನವಾದರೆ ಅದರ ಗುಂಡಿಯನ್ನು ಆರ್‌ಎಕ್ಸ್ ಕಡೆಗೆ ತಳ್ಳಬೇಕು.

ಆಕ್ಸ್ ರಂಧ್ರವೇ ಇಲ್ಲದ ಡಾಕ್‌ಗಳ ಕಥೆ ತುಸು ತೊಡಕಿನದು. ಇವುಗಳಿಗಾಗಿ ಐಪಾಡ್ ಕೂರುತ್ತಿದ್ದ ಜಾಗದಲ್ಲೇ ಕೂರುವ 30 ಪಿನ್ ರಿಸೀವರ್‌ಗಳಿವೆ. ಅವು ವಿದ್ಯುತ್ತನ್ನೂ ಡಾಕ್‌ನಿಂದಲೇ ಪಡೆಯುತ್ತವೆ. ಆದರೆ ಆರಂಭದ ಕೆಲವು ಡಾಕ್‌ಗಳು ಕೊಡುವುದು ಫೈರ್‌ವೈರ್ ಪದ್ಧತಿಯ 12 ವೋಲ್ಟ್. ಈಗಿನ ರಿಸೀವರ್‌ಗಳು ಕೇಳುವುದು 5 ವೋಲ್ಟ್. 2004ರಲ್ಲಿ ಬಂದ ಬೋಸ್ ಸೌಂಡ್‌ಡಾಕ್‌ನ ಮೊದಲ ಮಾದರಿ ಇದಕ್ಕೆ ಹೆಸರಾಂತ ಉದಾಹರಣೆ: ಅದಕ್ಕೆ ಆಕ್ಸ್ ರಂಧ್ರವಿಲ್ಲ, ಚಾರ್ಜ್ ಮಾಡುವ ವಿದ್ಯುತ್ತೂ ಹಳೆಯ ಪದ್ಧತಿಯದು. ಸಾಮಾನ್ಯ ರಿಸೀವರ್ ಅದರ ಮೇಲೆ ಕೂತರೆ ಜೀವ ತಳೆಯುವುದೇ ಇಲ್ಲ. ಆ ಮಾದರಿಗೆ ಹೊಂದುತ್ತದೆಂದು ಸ್ಪಷ್ಟವಾಗಿ ನಮೂದಿಸಿರುವುದನ್ನೇ ಆರಿಸಬೇಕು. ತಂತಿ ಎಳೆದು ಆ 12 ವೋಲ್ಟನ್ನು 5 ವೋಲ್ಟಿನ ರಿಸೀವರ್‌ಗೆ ಹರಿಸಿದರೆ ಅದು ಸುಟ್ಟೀತು. ಮನೆಯ ಡಾಕ್ ಯಾವ ಬಗೆಯದೆಂದು ಗುರುತಿಸಲು ಸರಳ ಉಪಾಯವೊಂದಿದೆ. 2008ರ ಐಫೋನ್ 3ಜಿ 12 ವೋಲ್ಟಿನ ಚಾರ್ಜಿಂಗನ್ನು ಕೈಬಿಟ್ಟಿತ್ತು. ಆದ್ದರಿಂದ ಆ ಫೋನ್ ಅಥವಾ ಅದರ ನಂತರದ 30 ಪಿನ್ ಐಫೋನ್ ಆ ಪೀಠದ ಮೇಲೆ ಚಾರ್ಜ್ ಆಗುತ್ತಿದ್ದುದು ನೆನಪಿದ್ದರೆ, ಅದರಲ್ಲಿ 5 ವೋಲ್ಟ್ ಇದೆ ಎಂದೇ ಅರ್ಥ.

ತಂತಿಯಿಲ್ಲದ ಈ ಏರ್ಪಾಡಿನ ನಿಜವಾದ ಬೆಲೆ ತಿಳಿಯುವುದು ಮೊಳಕಾಲ್ಮುರಿನ ಮಗ್ಗದ ಮನೆಯಲ್ಲಿ. 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಇಲ್ಲಿನ ರೇಷ್ಮೆ ಸೀರೆ ಕೈಮಗ್ಗದ್ದು. ಲಾಳಿ ಓಡಿಸುವವರ ಕೈಗೂ ಕಾಲಿಗೂ ಬಿಡುವಿಲ್ಲ, ಬಿಡುವಿರುವುದು ಕಿವಿಗೆ ಮಾತ್ರ. ಮೊಬೈಲ್ ಮಗ್ಗದ ಪಕ್ಕದಲ್ಲಿರಲಿ, ಡಾಕ್ ದೂರದ ಗೂಡಿನಲ್ಲಿರಲಿ, ಹಾಡೋ ವಾರ್ತೆಯೋ ಮಗ್ಗದ ಸದ್ದನ್ನು ಮೀರಿ ಕೇಳುತ್ತದೆ. ಬಯಲಿನಲ್ಲಿ ಸುಮಾರು ಹತ್ತು ಮೀಟರ್ ಮುಟ್ಟುವ ಬ್ಲೂಟೂತ್, ದಪ್ಪ ಕಲ್ಲುಗೋಡೆಯಾಚೆ ಸೊರಗುತ್ತದೆ. ಕಬ್ಬಿಣದ ಬೀರುವಿನ ಹಿಂದೆ ಇಟ್ಟ ರಿಸೀವರ್‌ನಲ್ಲಿ ಹಾಡು ತುಂಡು ತುಂಡಾಗುವುದಕ್ಕೆ ಮೊಬೈಲನ್ನು ದೂರಿ ಫಲವಿಲ್ಲ.

ಸದ್ದು ಕ್ಷೀಣವೆನಿಸಿದರೆ ಮೊದಲು ಮೊಬೈಲ್‌ನಲ್ಲಿ ಏರಿಸಿ, ಆಮೇಲೆ ಡಾಕ್‌ನಲ್ಲಿ ಹದಗೊಳಿಸಬೇಕು. ಗುಂಯ್‌ಗುಡುವ ಸದ್ದು ಬಂದರೆ ಬಹುತೇಕ ಸಲ ಚಾರ್ಜರ್‌ನದೇ ಕಿತಾಪತಿ; ಚಾರ್ಜರ್ ಬದಲಿಸಿ ನೋಡಬೇಕು, ಇಲ್ಲವೇ ಬ್ಯಾಟರಿಯಿರುವ ರಿಸೀವರ್ ಬಳಸಬೇಕು. ಸಿನಿಮಾ ನೋಡುವಾಗ ತುಟಿಗಿಂತ ಮಾತು ಕ್ಷಣಮಾತ್ರ ತಡವಾಗುವುದುಂಟು, ಹಾಡಿಗೆ ಅದರಿಂದ ಬಾಧೆಯಿಲ್ಲ. ಮೈಕ್ ಇರುವ ರಿಸೀವರ್ ಆದರೆ ಕರೆಯೂ ಡಾಕ್‌ನಲ್ಲೇ ಮೊಳಗಬಹುದು. ಮನೆಮಂದಿಗೆಲ್ಲ ಕೇಳಬಾರದ ಮಾತಿದ್ದಲ್ಲಿ ಮೊಬೈಲ್‌ನ ಬ್ಲೂಟೂತ್ ಆರಿಸಿಕೊಳ್ಳಬೇಕು.

ಡಾಕ್‌ನ ಸ್ಪೀಕರ್ ಪರದೆಯೇ ಹರಿದಿದ್ದರೆ ಈ ಖರ್ಚು ಬೇಡ. ಅಂಥದನ್ನು ಕಸದ ಗಾಡಿಗೆ ಹಾಕದೆ ಇ-ತ್ಯಾಜ್ಯ ಪಡೆಯುವವರಿಗೆ ಒಪ್ಪಿಸಬೇಕು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳು ಅದರ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಡಾಕ್ ಚೆನ್ನಾಗಿದ್ದು ಅದರ ಅಡಾಪ್ಟರ್ ಮಾತ್ರ ಕೆಟ್ಟಿದ್ದರೆ, ತಳದ ಚೀಟಿಯಲ್ಲಿರುವ ವೋಲ್ಟ್, ಆಂಪಿಯರ್ ಹಾಗೂ ಪ್ಲಸ್-ಮೈನಸ್ ಗುರುತುಗಳನ್ನು ಬರೆದುಕೊಂಡೇ ಅಂಗಡಿಗೆ ಹೋಗಬೇಕು. ಹಳೆಯ ರಿಮೋಟ್ ಆಕ್ಸ್ ಜೋಡಣೆಯಲ್ಲಿ ಸದ್ದು ಏರಿಸಿ ಇಳಿಸಬಲ್ಲದು. ಹಾಡು ಬದಲಿಸಲು ಮಾತ್ರ ಮೊಬೈಲನ್ನೇ ಮುಟ್ಟಬೇಕು.