ಮೂವತ್ತು ದಿನಗಳ ಕಾವಲು

1972ರಲ್ಲಿ ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್, ಇರಾನಿನ ದೊರೆ ಷಾ ಅವರಿಗೆ ಒಂದು ಭರವಸೆ ಕೊಟ್ಟರು. ಅಣ್ವಸ್ತ್ರ ಬಿಟ್ಟು ಕೇಳಿದ ಆಯುಧವನ್ನೆಲ್ಲ ಹೆಚ್ಚುಕಡಿಮೆ ಮಾರುವುದಾಗಿ ಹೇಳಿದರು. ಎಣ್ಣೆಯ ಹಣದಿಂದ ಇರಾನ್ ಆಗಿನ ಅತ್ಯಾಧುನಿಕ ಎಫ್-14 ವಿಮಾನಗಳನ್ನೂ ಕೊಂಡಿತು. 1979ರಲ್ಲಿ ಕ್ರಾಂತಿಯಾಯಿತು. ಷಾ ದೇಶ ಬಿಟ್ಟರು. ವಿಮಾನಗಳು ಅಮೆರಿಕವನ್ನು ವೈರಿಯೆಂದು ಬಗೆದ ಹೊಸ ಸರ್ಕಾರದ ಪಾಲಾದವು.

ಗೆಳೆತನ ಮುರಿದರೂ ಮಾರಿದ ಆಯುಧ ಹಿಂದಕ್ಕೆ ಬಾರದು. ಆದ್ದರಿಂದ ತಡೆಯುವುದಿದ್ದರೆ ಮಾರುವ ಮೊದಲೇ ತಡೆಯಬೇಕು. ಆ ಅಧಿಕಾರ ಯಾರದು?

ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಈ ಪ್ರಶ್ನೆಯನ್ನು ಇರಾನಿನ ಕ್ರಾಂತಿಗೆ ಮುಂಚೆಯೇ ಎತ್ತಿತ್ತು. ಸೆನೆಟರ್ ಗೇಲಾರ್ಡ್ ನೆಲ್ಸನ್ ಮತ್ತು ಪ್ರತಿನಿಧಿ ಸಭೆಯ ಜೊನಾಥನ್ ಬಿಂಗ್‌ಹ್ಯಾಮ್ ಅವರ ಪ್ರಯತ್ನದಿಂದ 1974ರಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು. 2.5 ಕೋಟಿ ಡಾಲರ್ ಮತ್ತು ಅದಕ್ಕೆ ಮೇಲ್ಪಟ್ಟ ಮಾರಾಟವನ್ನು ಸರ್ಕಾರ ಮೊದಲೇ ತಿಳಿಸಬೇಕಾಯಿತು. 1976ರ ಶಸ್ತ್ರಾಸ್ತ್ರ ರಫ್ತು ನಿಯಂತ್ರಣ ಕಾಯ್ದೆ ಪರಿಶೀಲನೆಯ ಅವಧಿಯನ್ನು 30 ದಿನಗಳಿಗೆ ಏರಿಸಿತು. ಉಭಯ ಸದನಗಳೂ ಬೇಡವೆಂದರೆ ಮಾರಾಟ ಅಲ್ಲಿಗೇ ನಿಲ್ಲುತ್ತಿತ್ತು. ಅಧ್ಯಕ್ಷರ ಅಂಕಿತ ಬೇಕಿರಲಿಲ್ಲ.

1981ರಲ್ಲಿ ಈ ಅಸ್ತ್ರ ಗುರಿಯ ಸಮೀಪಕ್ಕೆ ಹೋಯಿತು. ಆಗಸದಿಂದಲೇ ಕಣ್ಗಾವಲು ನಡೆಸುವ 5 ಅವಾಕ್ಸ್ ವಿಮಾನಗಳೂ ಸೇರಿದಂತೆ 850 ಕೋಟಿ ಡಾಲರ್ ಮೌಲ್ಯದ ಸಾಮಗ್ರಿಯನ್ನು ಸೌದಿ ಅರೇಬಿಯಕ್ಕೆ ಮಾರಲು ಅಧ್ಯಕ್ಷ ರೇಗನ್ ಹೊರಟಿದ್ದರು. ಪ್ರತಿನಿಧಿ ಸಭೆ 301-111 ಮತಗಳಿಂದ ಬೇಡವೆಂದಿತು. ಸೆನೆಟ್‌ನಲ್ಲಿ ರೇಗನ್ 52-48ರಿಂದ ಪಾರಾದರು.

ಎರಡೇ ವರ್ಷದಲ್ಲಿ ಈ ಅಸ್ತ್ರವೂ ಕೈಜಾರಿತು. ಅದಕ್ಕೆ ಕಾರಣವಾದದ್ದು ಆಯುಧಕ್ಕೆ ಸಂಬಂಧವೇ ಇಲ್ಲದ ಮೊಕದ್ದಮೆ. ಕೆನ್ಯದಲ್ಲಿ ಭಾರತೀಯ ತಂದೆತಾಯಿಗೆ ಹುಟ್ಟಿದ ಜಗದೀಶ್ ರಾಯ್ ಛಡ್ಡಾ ಅಮೆರಿಕಕ್ಕೆ ಓದಲು ಹೋದವರು. ಅವರು ಅಲ್ಲಿ ಉಳಿಯಬಹುದೆಂಬ ಸರ್ಕಾರದ ತೀರ್ಮಾನವನ್ನು ಪ್ರತಿನಿಧಿ ಸಭೆ ತನ್ನಷ್ಟಕ್ಕೆ ತಾನೇ ರದ್ದು ಮಾಡಿತ್ತು. ಅಧ್ಯಕ್ಷರ ಮುಂದೆ ಹೋಗದ ಇಂಥ ರದ್ದತಿ ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟ್ 1983ರಲ್ಲಿ ತೀರ್ಪಿತ್ತಿತು. ಅದೇ ತರ್ಕ ಶಸ್ತ್ರಾಸ್ತ್ರ ಕಾಯ್ದೆಗೂ ಅನ್ವಯಿಸಿತು. 1986ರಲ್ಲಿ ಕಾಯ್ದೆ ತಿದ್ದಿದ ಮೇಲೆ ತಡೆ ನಿರ್ಣಯವೂ ಅಧ್ಯಕ್ಷರ ಮೇಜಿಗೇ ಹೋಗಬೇಕಾಯಿತು.

ತಾವೇ ಮುಂದಿಟ್ಟ ಮಾರಾಟವನ್ನು ತಡೆಯಲು ಅಧ್ಯಕ್ಷರು ಸಹಿ ಹಾಕುತ್ತಾರೆಯೇ? ವೀಟೊ ಚಲಾಯಿಸುತ್ತಾರೆ. ಅದನ್ನು ಮೀರಲು ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು. ಅದೇ ವರ್ಷ ಸೌದಿಗೆ ಕ್ಷಿಪಣಿ ಮಾರುವುದನ್ನು ಸೆನೆಟ್ 73-22ರಿಂದ ವಿರೋಧಿಸಿತ್ತು. ರೇಗನ್ ವೀಟೊ ಹಾಕಿದ ಬಳಿಕ 66 ಮತಗಳಷ್ಟೇ ಉಳಿದವು. ಒಂದು ಮತದ ಕೊರತೆಯಿಂದ ತಡೆ ಬಿದ್ದುಹೋಯಿತು.

ತುರ್ತು ಸ್ಥಿತಿಯ ಹೆಸರಿನಲ್ಲಿ ಕಾಯುವ ಅವಧಿಯನ್ನೇ ಬಿಡಲು ಅಧ್ಯಕ್ಷರಿಗೆ ಕಾನೂನಿನಲ್ಲಿ ಅವಕಾಶವುಂಟು. ಯೆಮೆನ್ ಯುದ್ಧದ ನಡುವೆ, 2019ರಲ್ಲಿ, ಟ್ರಂಪ್ ಸರ್ಕಾರ ಸೌದಿ, ಯುಎಇ ಮತ್ತು ಜೋರ್ಡಾನ್‌ಗೆ ಸಂಬಂಧಿಸಿದ ಸುಮಾರು 810 ಕೋಟಿ ಡಾಲರಿನ 22 ವ್ಯವಹಾರಗಳನ್ನು ಹೀಗೆ ದಾಟಿಸಿತು. ಕಾಂಗ್ರೆಸ್ ಮೂರು ತಡೆ ನಿರ್ಣಯಗಳನ್ನು ಅಂಗೀಕರಿಸಿದರೂ ಮೂರಕ್ಕೂ ವೀಟೊ ಬಿತ್ತು.

ಹಾಗಾದರೆ ಕಾವಲು ಬರೀ ಹೆಸರಿಗೋ? ಪೂರ್ತಿ ಹಾಗಲ್ಲ. ಅಧಿಕೃತ ಸೂಚನೆಗೆ ಮೊದಲು ಎರಡೂ ಸದನಗಳ ವಿದೇಶಾಂಗ ಸಮಿತಿಗಳ ಪ್ರಮುಖರಿಗೆ ಕಡತ ತೋರಿಸುವ ರೂಢಿಯಿದೆ. ಅವರು ತಡೆದರೆ ಸೂಚನೆ ಸಾಮಾನ್ಯವಾಗಿ ಹೊರಡುವುದಿಲ್ಲ. ಇದರ ಬಿಸಿ ಭಾರತಕ್ಕೂ ತಟ್ಟಿದೆ. 31 ಎಂಕ್ಯೂ-9ಬಿ ಡ್ರೋನ್‌ಗಳ ಮಾರಾಟಕ್ಕೆ ಸೆನೆಟ್ ಸಮಿತಿಯ ಅಂದಿನ ಅಧ್ಯಕ್ಷ ಬೆನ್ ಕಾರ್ಡಿನ್ ತಿಂಗಳುಗಟ್ಟಲೆ ಚರ್ಚೆಯ ಬಳಿಕ ಒಪ್ಪಿದರು. ಅಮೆರಿಕದ ನೆಲದಲ್ಲಿ ನಡೆದಿದೆಯೆನ್ನಲಾದ ಹತ್ಯೆ ಸಂಚಿನ ತನಿಖೆಯ ಬಗ್ಗೆ ಅವರು ಭರವಸೆ ಕೇಳಿದ್ದರು. ಅಧಿಕೃತ ಸೂಚನೆ ಹೊರಟದ್ದು 2024ರ ಫೆಬ್ರುವರಿಯಲ್ಲಿ.

ಆದರೆ ಈ ತಡೆಗೆ ರೂಢಿಯ ಬಲವೇ ಹೊರತು ಕಾನೂನಿನ ಬಲವಿಲ್ಲ. ಕಾನೂನಿನ ಬಲವಿರುವ ತಡೆ ನಿರ್ಣಯವಂತೂ ಇದುವರೆಗೆ ಒಂದು ಮಾರಾಟವನ್ನೂ ನಿಲ್ಲಿಸಿಲ್ಲ. ಮತ ಎಣಿಸುವ ಸಭಾಂಗಣಕ್ಕಿಂತ ಕಡತ ಕಾಯುವ ಸಮಿತಿಯ ಕೊಠಡಿಯೇ ಇಲ್ಲಿ ಹೆಚ್ಚು ಪ್ರಬಲ. ಆ ಕೊಠಡಿಯಲ್ಲಿ ನಡೆಯುವ ಮಾತುಕತೆಯೋ ಜನರ ಕಿವಿಗೆ ಬೀಳುವುದು ಅಪರೂಪ.