ಯಾಕೋಬನ ಬಾವಿಯ ಪ್ರಸಂಗ: ಚಿತ್ರಗಳೂ ಇತಿಹಾಸವೂ

ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ಯೇಸುವಿಗೂ ಸಮಾರ್ಯದ ಒಬ್ಬ ಸ್ತ್ರೀಗೂ ಬಾವಿಯ ಬಳಿ ನಡೆದ ಸಂಭಾಷಣೆಯು ವರ್ಣಿತವಾಗಿದೆ. ಯೂದಾಯದಿಂದ ಗಲಿಲಾಯಕ್ಕೆ ಹೊರಟ ಯೇಸುವು ದಾರಿ ನಡೆದು ಬಳಲಿ, ಸುಖಾರೆಂಬ ಊರಿನ ಹತ್ತಿರ ಯಾಕೋಬನ ಬಾವಿಯ ಬಳಿ ಕುಳಿತಿದ್ದಾನೆ. ಶಿಷ್ಯರು ಆಹಾರವನ್ನು ಕೊಳ್ಳಲು ಊರೊಳಗೆ ಹೋಗಿದ್ದಾರೆ. ನಡುಹಗಲಿನಲ್ಲಿ ನೀರಿಗೆ ಬಂದವಳೊಬ್ಬಳನ್ನು ಆತನು ಕುಡಿಯಲು ನೀರು ಬೇಡುತ್ತಾನೆ. ಈ ಸನ್ನಿವೇಶವನ್ನು ಹದಿನಾರು ಶತಮಾನಗಳಿಗೂ ಮೇಲ್ಪಟ್ಟು ಚಿತ್ರಕಾರರು ಬಿಡದೆ ಬರೆಯುತ್ತ ಬಂದಿದ್ದಾರೆ. ಬಾವಿಯೂ ಇಬ್ಬರು ವ್ಯಕ್ತಿಗಳೂ ಈ ಚಿತ್ರಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತವೆ. ಆದರೆ ಮೂಲಕಥೆಯ ಅರ್ಥವು ನಿಂತಿರುವುದು ಬೇರೆ ಎರಡು ವಸ್ತುಗಳ ಮೇಲೆ. ಒಂದು, ನೀರು ಸೇದುವ ಪಾತ್ರೆ. ಇನ್ನೊಂದು, ಬಾವಿಯ ಮೇಲ್ಗಡೆ ಎದ್ದು ನಿಂತಿರುವ ಬೆಟ್ಟ. ಇವೆರಡರ ವಿಷಯದಲ್ಲಿ ಚಿತ್ರಕಾರರು ಎಷ್ಟು ಎಚ್ಚರದಿಂದಿದ್ದರು ಎಂಬುದು ವಿಚಾರಾರ್ಹವಾಗಿದೆ.

ಮೊದಲು ಬಾವಿಯ ಮಾತು. ಗ್ರೀಕ್ ಮೂಲದಲ್ಲಿ ಈ ಜಲಾಶಯಕ್ಕೆ ಎರಡು ಶಬ್ದಗಳಿವೆ. ಕಥೆಯನ್ನು ಆರಂಭಿಸುವಾಗ ಸುವಾರ್ತಿಕನು 'ಪೇಗೇ' ಎನ್ನುತ್ತಾನೆ. ಇದು ನಮ್ಮ ಒರತೆ ಅಥವಾ ಚಿಲುಮೆ. ಆ ಸ್ತ್ರೀಯ ಬಾಯಲ್ಲಿ ಬರುವ ಶಬ್ದ 'ಫ್ರೆಯರ್'; ಇದು ಅಗೆದು ತೆಗೆದ ಸೇದುಬಾವಿ. ಯೇಸುವು ತಾನು ಕೊಡುವ ನೀರನ್ನು ಹೇಳುವಾಗ ಮತ್ತೆ ಒರತೆಯ ಶಬ್ದವೇ ಬರುತ್ತದೆ. ಆಕೆಗೆ ಕಾಣುವುದು ಆಳವಾದ ಬಾವಿ, ಆತನು ಹೇಳುವುದು ತಾನಾಗಿ ಉಕ್ಕುವ ಚಿಲುಮೆ. ಸಂಭಾಷಣೆಯ ಚಮತ್ಕಾರವೆಲ್ಲ ಈ ಶಬ್ದಭೇದದಲ್ಲಿದೆ. ಎರಡು ಕಡೆಯಲ್ಲಿಯೂ 'ಬಾವಿ' ಎಂದೇ ಭಾಷಾಂತರಿಸಿದರೆ ಅದು ಮಾಯವಾಗುತ್ತದೆ.

ಬಾವಿಯು ಆಳವೆಂದು ಆಕೆ ಹೇಳಿದುದು ಉತ್ಪ್ರೇಕ್ಷೆಯಲ್ಲ. ನಾಬ್ಲುಸ್ ಪಟ್ಟಣದ ಹತ್ತಿರ ಇಂದಿಗೂ ತೋರಿಸುವ ಯಾಕೋಬನ ಬಾವಿಯನ್ನು 1697ರಲ್ಲಿ ಹೆನ್ರಿ ಮೌಂಡ್ರೆಲ್ ಎಂಬ ಆಂಗ್ಲ ಯಾತ್ರಿಕನು ಅಳೆದಾಗ ಅದರ ಆಳವು 105 ಅಡಿಯಾಗಿತ್ತು. 1866ರಲ್ಲಿ ಆಂಡರ್‌ಸನ್ ಎಂಬಾತನು ಅಳೆದಾಗ 75 ಅಡಿ ಮಾತ್ರ ಉಳಿದಿತ್ತು. ಯಾತ್ರಿಕರು ಸದ್ದು ಕೇಳುವ ಆಸೆಯಿಂದ ಕಲ್ಲುಗಳನ್ನೆಸೆದು ಅದನ್ನು ತುಂಬುತ್ತ ಬಂದಿದ್ದರು. ಪುಣ್ಯಕ್ಷೇತ್ರಗಳ ಗತಿ ಎಲ್ಲೆಡೆಯೂ ಒಂದೇ ಎಂದು ತೋರುತ್ತದೆ.

ಇಂಥ ಬಾವಿಯಿಂದ ನೀರೆತ್ತಬೇಕಾದರೆ ಹಗ್ಗವೂ ಸೇದುವ ಪಾತ್ರೆಯೂ ಬೇಕು. ಇವು ನಿನ್ನಲ್ಲಿಲ್ಲವಲ್ಲ, ನೀನು ನೀರನ್ನು ಎಲ್ಲಿಂದ ತಂದೀಯೆ ಎಂಬುದು ಆಕೆಯ ಆಕ್ಷೇಪ. ಅಲ್ಲಿ ಬರುವ 'ಅಂತ್ಲೇಮ' ಎಂಬ ಶಬ್ದಕ್ಕೆ ಸೇದುವ ಸಾಧನವೆಂದೇ ಅರ್ಥ. ಆಕೆಯು ನೀರು ಹೊತ್ತುಕೊಂಡು ಹೋಗಲು ತಂದ 'ಹುದ್ರಿಯಾ', ಎಂದರೆ ಕೊಡ, ಬೇರೆಯದು. ಬಾವಿಯ ಮೇಲೆ ಎಲ್ಲರಿಗೂ ಒದಗುವ ಹಗ್ಗವೂ ಪಾತ್ರೆಯೂ ಇರಲಿಲ್ಲ. ಬಂದವರು ತಮ್ಮ ತಮ್ಮದನ್ನು ತರುತ್ತಿದ್ದರು ಎಂದು ಇದರಿಂದ ಸಿದ್ಧವಾಗುತ್ತದೆ. ಐರೋಪ್ಯ ಚಿತ್ರಗಳಲ್ಲಿ ಅನೇಕವು ಬಾವಿಗೆ ಚೆಲುವಾದ ಕಲ್ಲಿನ ಕಟ್ಟೆಯನ್ನೂ, ಅದರ ಮೇಲೆ ರಾಟೆ, ಸರಪಣಿ, ಬಾನೆಗಳನ್ನೂ ಇಟ್ಟಿವೆ. ಇವು ಆಯಾ ಚಿತ್ರಕಾರನ ಊರಿನ ಬಾವಿಗಳು. ಕೈಗೆಟುಕುವ ಬಾನೆಯು ರಾಟೆಯಿಂದ ತೂಗುತ್ತಿರುವಾಗ 'ನಿನ್ನಲ್ಲಿ ಸೇದುವುದಕ್ಕೆ ಏನೂ ಇಲ್ಲ' ಎಂಬ ಅರ್ಥದ ಮಾತು ನಿರರ್ಥಕವಾಗುತ್ತದೆ.

ಪಾತ್ರೆಯ ವಿಷಯದಲ್ಲಿ ಇನ್ನೂ ಗಾಢವಾದ ಅರ್ಥವೊಂದಿದೆ. ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆಯಿಲ್ಲವೆಂದು ಸುವಾರ್ತಿಕನು ಒಂಬತ್ತನೆಯ ವಾಕ್ಯದಲ್ಲಿ ಸೇರಿಸಿದ್ದಾನೆ. ಅಲ್ಲಿರುವ ಕ್ರಿಯಾಪದಕ್ಕೆ 'ಜೊತೆಯಾಗಿ ಉಪಯೋಗಿಸು' ಎಂಬ ಧಾತ್ವರ್ಥವಿರುವುದರಿಂದ, ಅವರು ಒಂದೇ ಪಾತ್ರೆಯನ್ನು ಬಳಸುವುದಿಲ್ಲ ಎಂಬುದೇ ಅದರ ತಾತ್ಪರ್ಯವೆಂದು ಡೇವಿಡ್ ಡೌಬೆ ಎಂಬ ವಿದ್ವಾಂಸನು 1950ರಲ್ಲಿ ವಾದಿಸಿದನು. ಮಡಿ ಮೈಲಿಗೆಗಳ ವ್ಯವಸ್ಥೆಯನ್ನು ಬಲ್ಲವರಿಗೆ ಈ ಅರ್ಥವು ಒಡನೆಯೇ ಹೊಳೆಯುತ್ತದೆ. ಯೇಸುವಿನ ಬಳಿ ಪಾತ್ರೆಯಿಲ್ಲ. ಆದುದರಿಂದ ಆತನು ಕುಡಿಯಬೇಕಾದರೆ ಆಕೆಯ ಪಾತ್ರೆಯಿಂದಲೇ ಕುಡಿಯಬೇಕು. ಆಕೆಗೆ ಆಶ್ಚರ್ಯವಾದುದು ನೀರು ಕೇಳಿದುದಕ್ಕಲ್ಲ, ಇದಕ್ಕೆ.

ಸಂಸ್ಕೃತಜ್ಞರಿಗೆ ಇಲ್ಲಿ ದಿವ್ಯಾವದಾನದ ಶಾರ್ದೂಲಕರ್ಣಾವದಾನವು ನೆನಪಿಗೆ ಬರದಿರದು. ಶ್ರಾವಸ್ತಿಯಲ್ಲಿ ಬುದ್ಧನ ಶಿಷ್ಯನಾದ ಆನಂದನು ಬಾವಿಯ ಬಳಿ ಪ್ರಕೃತಿಯೆಂಬ ಮಾತಂಗಕನ್ಯೆಯನ್ನು ನೀರು ಬೇಡುತ್ತಾನೆ. ಆಕೆ ತನ್ನ ಕುಲವನ್ನು ಹೇಳಿ ಹಿಂಜರಿದಾಗ, ತಾನು ಕೇಳಿದುದು ಕುಲವನ್ನಲ್ಲ, ನೀರನ್ನು ಎಂದು ಉತ್ತರಕೊಡುತ್ತಾನೆ. ಸಾಮ್ಯವು ಮನೋಹರವಾಗಿದ್ದರೂ ಅದರಿಂದ ಒಂದು ಕಥೆಯು ಇನ್ನೊಂದರಿಂದ ಬಂದಿತೆಂದು ಊಹಿಸುವುದು ಸಾಹಸವಾದೀತು. ಬಾವಿ, ಬಾಯಾರಿಕೆ, ಕುಲಭೇದ ಈ ಮೂರು ಇರುವಲ್ಲೆಲ್ಲ ಇಂಥ ಕಥೆ ಹುಟ್ಟಬಹುದು. ವ್ಯತ್ಯಾಸವೇ ಹೆಚ್ಚು ಗಮನಾರ್ಹ: ಪ್ರಕೃತಿಯು ನೀರು ಕೊಡುತ್ತಾಳೆ, ಸಮಾರ್ಯದವಳು ಕೊಟ್ಟಳೆಂದಾಗಲಿ ಯೇಸುವು ಕುಡಿದನೆಂದಾಗಲಿ ಯೋಹಾನನು ಎಲ್ಲಿಯೂ ಹೇಳುವುದಿಲ್ಲ. ಆಕೆ ಕೊಡವನ್ನು ಅಲ್ಲಿಯೇ ಬಿಟ್ಟು ಊರಿಗೆ ಹೋದಳೆಂದು ಮಾತ್ರ ಹೇಳುತ್ತಾನೆ.

ಇನ್ನು ಬೆಟ್ಟ. ನಮ್ಮ ಪಿತೃಗಳು ಈ ಬೆಟ್ಟದಲ್ಲಿ ಆರಾಧಿಸಿದರು, ನೀವಾದರೋ ಯೆರೂಸಲೇಮೇ ಸ್ಥಾನವೆನ್ನುತ್ತೀರಿ ಎಂದು ಆಕೆ ವಾದ ಹೂಡುತ್ತಾಳೆ. ಬೆಟ್ಟದ ಹೆಸರನ್ನು ಹೇಳುವುದಿಲ್ಲ, 'ಈ' ಎನ್ನುತ್ತಾಳೆ. ಸನ್ನಿಹಿತವಾದ ವಸ್ತುವನ್ನು ಬೆರಳಿಟ್ಟು ತೋರಿಸುವಾಗಲೇ ಈ ಸರ್ವನಾಮವು ಸಲ್ಲುವುದೆಂಬುದು ವೈಯಾಕರಣರಿಗೆ ಸುವಿದಿತ. ಅದು ಗೆರಿಜ್ಜೀಮ್ ಬೆಟ್ಟ. ಬಾವಿಯು ಅದರ ತಪ್ಪಲಿನಲ್ಲಿಯೇ ಇದೆ. ಸಮಾರ್ಯದವರಿಗೆ ತಮ್ಮದೇ ಆದ ಪಂಚಗ್ರಂಥವಿದೆ; ದೇವರು ಆರಿಸಿಕೊಂಡ ಸ್ಥಳವು ಗೆರಿಜ್ಜೀಮೇ ಎಂಬುದು ಅವರ ನಂಬಿಕೆ. ಅಲ್ಲಿದ್ದ ಅವರ ದೇವಾಲಯವನ್ನು ಯೆಹೂದ್ಯರ ಅಧಿಪತಿಯೂ ಮಹಾಯಾಜಕನೂ ಆದ ಯೋಹಾನ ಹಿರ್ಕಾನನು ಕ್ರಿಸ್ತಪೂರ್ವ 110ರ ಸುಮಾರಿಗೆ ನಾಶಮಾಡಿದನು. 1980ರ ದಶಕದಿಂದ ಇಟ್ಜಾಕ್ ಮಾಗೆನ್ ನಡೆಸಿದ ಉತ್ಖನನದಲ್ಲಿ ಅದರ ಆವರಣದ ಗೋಡೆಗಳು ಹೊರಬಿದ್ದಿವೆ. ವೈರವು ಹಳೆಯ ನೆನಪಾಗಿ ಉಳಿದಿರಲಿಲ್ಲ. ಕೊಪೋನಿಯನು ಯೂದಾಯವನ್ನಾಳುತ್ತಿದ್ದಾಗ, ಕ್ರಿಸ್ತಶಕ 6ರಿಂದ 9ರೊಳಗೆ, ಕೆಲವರು ಸಮಾರ್ಯದವರು ರಾತ್ರಿಯಲ್ಲಿ ಯೆರೂಸಲೇಮಿನ ದೇವಾಲಯವನ್ನು ಹೊಕ್ಕು ಮನುಷ್ಯರ ಎಲುಬುಗಳನ್ನು ಚೆಲ್ಲಿದರೆಂದು ಇತಿಹಾಸಕಾರನಾದ ಜೋಸೆಫನು ಬರೆದಿದ್ದಾನೆ. ಬಾವಿಯ ಬಳಿ ಸಂಧಿಸಿದ ಇಬ್ಬರ ಹಿಂದೆಯೂ ಇದೆಲ್ಲ ಇತ್ತು. ಸಮಾರ್ಯದವರ ಜನಾಂಗವು ಅಳಿದಿಲ್ಲ. ಸಂಖ್ಯೆಯಲ್ಲಿ ಸಾವಿರಕ್ಕಿಂತ ಕಡಿಮೆಯಾದರೂ ಇಂದಿಗೂ ಅದೇ ಬೆಟ್ಟದ ಮೇಲೆ ಪಸ್ಕದ ಬಲಿಯನ್ನು ನಡೆಸುತ್ತಾರೆ.

ಈಗ ಚಿತ್ರಗಳು. ಯೂಫ್ರೆಟಿಸ್ ತೀರದ ಡ್ಯೂರಾ ಪಟ್ಟಣವು ಪಾರಸಿಕರ ಮುತ್ತಿಗೆಯಿಂದ ಕ್ರಿಸ್ತಶಕ 256ರಲ್ಲಿ ಹಾಳಾಯಿತು. ಅಲ್ಲಿ 1932ರಲ್ಲಿ ದೊರೆತ ಕ್ರೈಸ್ತರ ದೀಕ್ಷಾಗೃಹದ ಗೋಡೆಯಲ್ಲಿ ಬಾವಿಯ ಮೇಲೆ ಬಾಗಿ ಹಗ್ಗ ಹಿಡಿದ ಸ್ತ್ರೀಯೊಬ್ಬಳಿದ್ದಾಳೆ. ಚಿತ್ರವು ಯೇಲ್ ವಿಶ್ವವಿದ್ಯಾಲಯದಲ್ಲಿದೆ. ಇದನ್ನು ಬಹುಕಾಲ ಸಮಾರ್ಯದವಳೆಂದೇ ಕರೆದರು. ಆದರೆ ಎದುರಿಗೆ ಯೇಸುವಿಲ್ಲ. ಇದು ಬಾವಿಯ ಬಳಿ ದೇವದೂತನ ವಾಣಿಯನ್ನು ಕೇಳಿದ ಮರಿಯಳೆಂದು ಮೈಕೇಲ್ ಪೆಪ್ಪರ್ಡ್ 2016ರಲ್ಲಿ ಪ್ರತಿಪಾದಿಸಿದ್ದಾನೆ. ಸಂಭಾಷಣೆಯ ಚಿತ್ರದಲ್ಲಿ ಎರಡನೆಯ ವ್ಯಕ್ತಿಯೇ ಇಲ್ಲದಿರುವುದರಿಂದ ಈ ಮತವನ್ನು ತಳ್ಳಿಹಾಕುವುದು ಸುಲಭವಲ್ಲ. ಸಂದೇಹಕ್ಕೆಡೆಯಿಲ್ಲದ ಹಳೆಯ ಚಿತ್ರಗಳಲ್ಲೊಂದು ರೋಮಿನ ವಿಯಾ ಲಾತೀನಾ ಭೂಸಮಾಧಿಯಲ್ಲಿದೆ, ನಾಲ್ಕನೆಯ ಶತಮಾನದ್ದು. ರಾವೆನ್ನಾದಲ್ಲಿ ಥಿಯೊಡೊರಿಕ್ ಅರಸನು ಆರನೆಯ ಶತಮಾನದ ಆದಿಯಲ್ಲಿ ಕಟ್ಟಿಸಿದ ದೇವಾಲಯದ ಗೋಡೆಯಲ್ಲಿ ಹರಳುಗಳ ಜೋಡಣೆಯಿಂದಾದ ಚಿತ್ರವಿದೆ. ಯೇಸುವು ಗಡ್ಡವಿಲ್ಲದ ತರುಣನಾಗಿ ಕುಳಿತಿದ್ದಾನೆ, ಆಕೆ ನೀರು ಸೇದುತ್ತಿದ್ದಾಳೆ. ಈ ಪ್ರಾಚೀನರು ಬೆಟ್ಟವನ್ನು ಬಿಟ್ಟರೂ ಸೇದುವ ಕ್ರಿಯೆಯನ್ನು ಕೈಬಿಡಲಿಲ್ಲ.

ಸಿಯೆನಾದ ದೂಚ್ಚೋ 1310–11ರಲ್ಲಿ ಬರೆದ ಫಲಕವು ಈಗ ಮಾಡ್ರಿಡ್ಡಿನಲ್ಲಿದೆ. ಅದರಲ್ಲಿ ಆಕೆ ತಲೆಯ ಮೇಲೆ ಕೊಡ ಹೊತ್ತು ನಿಂತಿದ್ದಾಳೆ. ಊರಬಾಗಿಲಲ್ಲಿ ಶಿಷ್ಯರು ಆಹಾರ ಹಿಡಿದು ಕಾಣಿಸಿಕೊಳ್ಳುತ್ತಾರೆ. ಊರು ಇಟಲಿಯದೇ, ಬೆಟ್ಟಕ್ಕೆ ಮಹತ್ತ್ವವಿಲ್ಲ. ಆದರೂ ಮೂಲದ ಕಾಲಕ್ರಮವು ಕೆಡದಂತೆ ಮೂರು ಪಕ್ಷಗಳನ್ನೂ ಒಂದೇ ನೋಟದಲ್ಲಿ ಕೂಡಿಸಿದ ಜಾಣತನ ಮೆಚ್ಚತಕ್ಕದ್ದು. ಬೊಲೊನ್ಯಾದ ಸಾಂಪಿಯೇರಿ ಮನೆತನದ ಅರಮನೆಗಾಗಿ ಕರ್ರಾಚ್ಚಿ ವಂಶದ ಮೂವರು 1590ರ ದಶಕದಲ್ಲಿ ಮೂರು ಚಿತ್ರಗಳನ್ನು ಬರೆದರು: ಅನ್ನೀಬಲೆಯು ಸಮಾರ್ಯದವಳನ್ನು, ಅವನ ಅಣ್ಣ ಅಗೊಸ್ತೀನೊ ವ್ಯಭಿಚಾರದ ಅಪವಾದಕ್ಕೆ ಗುರಿಯಾದವಳನ್ನು, ದಾಯಾದಿ ಲುದೊವೀಕೊ ಕಾನಾನ್ಯಳನ್ನು. ಮೂರೂ ಮಿಲಾನಿನ ಬ್ರೇರಾ ಸಂಗ್ರಹದಲ್ಲಿವೆ.

ಈ ಜೊತೆಗೂಡಿಕೆಯಿಂದ ಒಂದು ಅಪಾರ್ಥವೂ ಬೆಳೆಯುವ ಸಂಭವವಿದೆ. ಅಪವಾದಿತೆಯ ಪಕ್ಕದಲ್ಲಿ ನಿಂತ ಸಮಾರ್ಯದವಳನ್ನು ನೋಡುವವನು ಇವಳೂ ಪತಿತೆಯೆಂದು ತಿಳಿಯುತ್ತಾನೆ. ಐವರು ಗಂಡಂದಿರಿದ್ದರು, ಈಗಿರುವವನು ಗಂಡನಲ್ಲ ಎಂಬ ಮಾತು ಅದಕ್ಕೆ ಆಧಾರವೆನಿಸುತ್ತದೆ. ಆದರೆ ಸುವಾರ್ತೆಯಲ್ಲಿ ಯೇಸುವು ಆಕೆಯನ್ನು ಪಾಪಿಯೆಂದು ಕರೆಯುವುದಿಲ್ಲ, ಕ್ಷಮೆಯ ಮಾತನ್ನೂ ಆಡುವುದಿಲ್ಲ. ಗಂಡನು ಸತ್ತರೆ ಮೈದುನನಿಗೆ ಕೊಡುವ ಪದ್ಧತಿಯೂ, ಗಂಡನಿಚ್ಛೆಯಂತೆ ತ್ಯಾಗಪತ್ರವೂ ಇದ್ದ ಸಮಾಜದಲ್ಲಿ ಐವರನ್ನು ಕಳೆದುಕೊಂಡವಳು ದುಃಖಿತೆಯಾಗಿರಬಹುದು. ಐವರೆಂದರೆ ಅಶ್ಶೂರರು ನೆಲೆಸಿದ ಐದು ಜನಾಂಗಗಳ ದೇವತೆಗಳೆಂಬ ರೂಪಕಾರ್ಥವೂ ಉಂಟು. ಅರಸುಗಳ ಎರಡನೆಯ ಗ್ರಂಥದಲ್ಲಿ ದೇವತೆಗಳನ್ನು ಎಣಿಸಿದರೆ ಏಳಾಗುವುದರಿಂದ ಈ ಅರ್ಥವು ಪೂರ್ತಿಯಾಗಿ ಹೊಂದುವುದಿಲ್ಲ. ಪೌರಸ್ತ್ಯ ಕ್ರೈಸ್ತರು ಆಕೆಯನ್ನು ಫೋಟೀನಿ, 'ಪ್ರಕಾಶವತಿ', ಎಂದು ಹೆಸರಿಟ್ಟು ಸಂತಳೆಂದು ಪೂಜಿಸುತ್ತಾರೆ. ಪಶ್ಚಿಮದ ಚಿತ್ರಕಾರರಿಗೆ ಆಕೆಯ ಭುಜದ ವಸ್ತ್ರವನ್ನು ಜಾರಿಸುವುದರಲ್ಲಿ ಹೆಚ್ಚು ಆಸಕ್ತಿ.

ರೆಂಬ್ರಾಂಟನು ಈ ಪ್ರಸಂಗಕ್ಕೆ ಮತ್ತೆ ಮತ್ತೆ ಹಿಂದಿರುಗಿದನು. 1634ರ ಒಂದು ಮುದ್ರಿತಚಿತ್ರವೂ, 1650ರ ದಶಕದ ಇನ್ನೊಂದೂ, ನ್ಯೂಯಾರ್ಕ್, ಬರ್ಲಿನ್‌ಗಳಲ್ಲಿರುವ ವರ್ಣಚಿತ್ರಗಳೂ ಇವೆ. ಮುಪ್ಪಿನ ಚಿತ್ರಗಳಲ್ಲಿ ಆಕೆ ಬಾವಿಯ ಬಳಿ ನಿಂತು ಕೇಳುವವಳು. ಬೆರಗುಗೊಳಿಸುವ ಸೌಂದರ್ಯವಿಲ್ಲ, ಆಲಿಸುವ ಗಾಂಭೀರ್ಯವಿದೆ. ಗುವೆರ್ಚೀನೊ 1640ರ ಸುಮಾರಿಗೆ ಬರೆದ ಚಿತ್ರದಲ್ಲಿ ಅರ್ಧಶರೀರದ ಇಬ್ಬರೇ ಚಿತ್ರಪಟವನ್ನೆಲ್ಲ ತುಂಬಿರುವುದರಿಂದ ಬೆಟ್ಟಕ್ಕೆ ತಾವೇ ಇಲ್ಲ. ಬಾವಿಯನ್ನು ಬಿಟ್ಟು, ಕೊಡವನ್ನು ಬಿಟ್ಟು ಆಕೆ ಊರವರನ್ನು ಕರೆಯಲು ಓಡುವ ಇಪ್ಪತ್ತೆಂಟನೆಯ ವಾಕ್ಯವನ್ನು ಮುಖ್ಯವಿಷಯವಾಗಿ ಆರಿಸಿಕೊಂಡವರು ವಿರಳ. ಸಂಭಾಷಣೆಯು ಮುಗಿದ ಮೇಲೆ ಬಾವಿಯ ಬಳಿ ಉಳಿದ ಆ ಕೊಡವು ಬಹುಮಟ್ಟಿಗೆ ಯೋಹಾನನ ಬರಹದಲ್ಲಿಯೇ ಉಳಿದಿದೆ.